ಕಾರ್ಡಿನಲ್ಲಿ ಇಲ್ಲದ ದಂಡೆ

ಆ ವರ್ಷ ಪಲೋಮಾ ಬುಗ್ಗೆ ಎಂಬ ಊರಿನ ದೊಡ್ಡವರಿಗೆ ಒಂದು ಹುಚ್ಚು ಹಿಡಿಯಿತು. ಊರು ಹೇಗಿದೆ ಎಂದು ತಿಳಿಯಲು ಕಿಟಕಿ ತೆರೆದು ಹೊರಗೆ ನೋಡುವುದನ್ನು ಬಿಟ್ಟು, ಜೇಬಿನಿಂದ ಹಳೆಯ ಪೋಸ್ಟ್‌ಕಾರ್ಡೊಂದನ್ನು ತೆಗೆದು ನೋಡತೊಡಗಿದರು.

ಕಾರ್ಡು ಸೊಗಸಾಗಿಯೇ ಇತ್ತು. ಸಾವಿರದ ಒಂಬೈನೂರ ನಲವತ್ತೊಂಬತ್ತನೆಯ ಇಸವಿಯದು. ನೇಯ್ದ ಬಟ್ಟೆಯ ಹಾಗೆ ತರಿತರಿಯಾದ ಕಾಗದ. ಮುಂದುಗಡೆ ಮರದ ಕಟ್ಟೆಯ ಮೇಲೆ ಈಜುಡುಗೆಯ ಹುಡುಗಿಯೊಬ್ಬಳು ಕೈಯೆತ್ತಿ ಬೀಸುತ್ತಿದ್ದಾಳೆ. ಅವಳ ಪಕ್ಕದಲ್ಲಿ ದಾಸವಾಳದ ಪೊದೆ. ಬುಗ್ಗೆಯ ಕೊಳದ ಮೇಲೆ ಗಾಜಿನ ತಳದ ದೋಣಿ. ನೀರೋ, ಔಷಧಿ ಅಂಗಡಿಯ ಸೀಸೆಯ ನೀಲಿ. ಆಚೆದಂಡೆಯಲ್ಲಿ ಸಾಲು ತಾಳೆಮರ, ಅದರ ಹಿಂದೆ ನೇರಳೆ ಬಣ್ಣದ ಗುಡ್ಡ, ಗುಡ್ಡದ ಮೇಲೆ ಒಂದೇ ಅಚ್ಚಿನಿಂದ ತೆಗೆದ ಮೂರು ಮೋಡ. ಕೆಳಗೆ ವಾರೆ ಅಕ್ಷರಗಳಲ್ಲಿ, ‘ಸೂರ್ಯ ರಜೆ ಕಳೆಯುವ ಊರು, ಫ್ಲಾರಿಡಾ.’

ಒಂದು ಕಾಲಕ್ಕೆ ಈ ಕಾರ್ಡು ಬಿಸಿ ರೊಟ್ಟಿಯ ಹಾಗೆ ಖರ್ಚಾಗುತ್ತಿತ್ತು. ಹಿಮದಲ್ಲಿ ಹೂತುಹೋದ ಉತ್ತರದ ಜನ ಚಳಿಗಾಲ ಬಂದೊಡನೆ ಕಾರುಗಳಲ್ಲಿ ದಕ್ಷಿಣಕ್ಕೆ ಇಳಿಯುತ್ತಿದ್ದರು. ದಾರಿಯಲ್ಲಿ ಪಲೋಮಾ ಬುಗ್ಗೆ ಸಿಗುತ್ತಿತ್ತು. ಗಾಜಿನ ತಳದಿಂದ ಮೀನು ನೋಡಿ, ಕಿತ್ತಳೆ ರಸ ಕುಡಿದು, ಮನೆಯಲ್ಲಿ ನಡುಗುತ್ತಿರುವ ನೆಂಟರ ಹೊಟ್ಟೆ ಉರಿಸಲೆಂದು ಇದೇ ಕಾರ್ಡು ಹಾಕುತ್ತಿದ್ದರು. ಆಮೇಲೆ ಹೆದ್ದಾರಿ ಊರನ್ನು ಬಿಟ್ಟು ಪಕ್ಕಕ್ಕೆ ಹರಿಯಿತು. ಒರ್ಲ್ಯಾಂಡೊ ಕಡೆ ದೊಡ್ಡ ದೊಡ್ಡ ಆಟದ ಉದ್ಯಾನಗಳು ಬಂದವು. ಎರಡು ಚಳಿಗಾಲದ ಮಂಜು ಕಿತ್ತಳೆ ತೋಟಗಳನ್ನು ಸುಟ್ಟುಹಾಕಿತು. ಹೊಲಗಳಿಂದ ಇಳಿದ ಗೊಬ್ಬರಕ್ಕೆ ಬುಗ್ಗೆಯ ನೀರು ಪಾಚಿಗಟ್ಟಿತು. ಊರು ತೂಕಡಿಸತೊಡಗಿತು. ಈಗ, ಅರವತ್ತು ವರ್ಷದ ಮೇಲೆ, ಹಳೆಯದಕ್ಕೆಲ್ಲ ಬೆಲೆ ಬಂದಿದೆ ಎಂದು ಯಾರೋ ಹೇಳಿದ್ದೇ ತಡ, ಊರು ಎದ್ದು ಕೂತು ಕಣ್ಣುಜ್ಜಿಕೊಂಡು ಕಾರ್ಡು ಹುಡುಕಿತು.

ಆ ಕಾರ್ಡನ್ನು ಗೋಡೆಯಷ್ಟು ದೊಡ್ಡದು ಮಾಡಿ ಸ್ವಾಗತ ಕೇಂದ್ರದ ಸಭಾಂಗಣದಲ್ಲಿ ಅಂಟಿಸಿದ್ದರು. ಲೂವಿನಿಯಾ ಗ್ಯಾಡ್ಸನ್ ಅದರ ಮುಂದೆ ನಿಂತು ತನ್ನ ಅಂಗಡಿಯನ್ನು ಹುಡುಕಿದಳು.

ಅವಳ ಅಂಗಡಿ ಆಚೆದಂಡೆಯಲ್ಲಿತ್ತು. ಅವಳ ತಾಯಿ ಹೆಸ್ಟರ್ ಕಟ್ಟಿಸಿದ, ತಗಡಿನ ಮಾಡಿನ, ಹಿಂದೊಂದು ಹೊಗೆಗೂಡು ಇರುವ ಮೀನಂಗಡಿ. ಹೊಳೆಯಲ್ಲಿ ಏರಿ ಬರುವ ಮಲೆಟ್ ಮೀನನ್ನು ಅಲ್ಲಿ ಕರಿಯುತ್ತಿದ್ದರು, ಹೊಗೆಯಲ್ಲಿ ಇಡುತ್ತಿದ್ದರು. ಆಚೆದಂಡೆಯ ಕಪ್ಪು ಜನರಿಗೆ ಅದು ಹೋಟೆಲೂ ಹೌದು, ಹರಟೆಕಟ್ಟೆಯೂ ಹೌದು, ಚರ್ಚಿನಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳುವ ಜಾಗವೂ ಹೌದು. ಫೋಟೋ ತೆಗೆದ ದಿನ ಲೂವಿನಿಯಾಗೆ ಹತ್ತು ವರ್ಷ. ಅಂದು ಅದೇ ದಂಡೆಯಲ್ಲಿ ಕೂತು ಮೀನಿನ ಹುರುಪೆ ತೆಗೆಯುತ್ತಿದ್ದಳು. ಗೋಡೆಯ ಮೇಲೆ ಅವಳು ಕೂತಿದ್ದ ಜಾಗದಲ್ಲಿ ಒಂದು ತಾಳೆಮರ ನಿಂತಿತ್ತು.

“ಮಿಸ್ ಲೂವಿನಿಯಾ, ಬನ್ನಿ ಬನ್ನಿ. ಕಾಫಿ ತಗೊಳ್ಳಿ,” ಎಂದು ಡ್ವೇನ್ ಸ್ಟ್ರಿಕ್ಲಂಡ್ ಎದ್ದು ಬಂದ. “ನಿಮ್ಮ ಮೀನು ಅಂದ್ರೆ ನನಗೆ ಪ್ರಾಣ ನೋಡಿ.”

“ನಮ್ಮಂಗಡೀಲಿ ನೀವು ಒಂದ್ಸಲಾನೂ ತಿಂದಿಲ್ವಲ್ಲ.”

“ಈಚೆದಂಡೆಗೂ ವಾಸನೆ ಬರತ್ತಲ್ಲ. ಅಷ್ಟು ಸಾಕು.”

ಸ್ಟ್ರಿಕ್ಲಂಡ್ ಊರಿನ ಪರಂಪರೆ ಸಮಿತಿಯ ಅಧ್ಯಕ್ಷ. ಮನೆ, ನಿವೇಶನ ಮಾರುವುದು ಕಸುಬು. ಓಹಾಯೋದಿಂದ ಬಂದು ಹನ್ನೆರಡು ವರ್ಷವಾಗಿತ್ತು. ಬಂದವನೇ ಊರಿನ ಹಳೆಯ ಕಾರ್ಡುಗಳನ್ನೆಲ್ಲ ಕೊಂಡು, ಪ್ಲಾಸ್ಟಿಕ್ ಹಾಳೆಗಳಲ್ಲಿ ಹಾಕಿ, ಊರಿನಲ್ಲಿ ಹುಟ್ಟಿದವರಿಗೆ ಊರಿನ ಇತಿಹಾಸ ಹೇಳತೊಡಗಿದ್ದ. ಫ್ಲಾರಿಡಾದ ಕಾರ್ಡುಗಳಲ್ಲಿ ಇನ್ನೊಂದು ಬಗೆ ಇತ್ತು. ಕಪ್ಪು ಮಕ್ಕಳನ್ನು ಮೊಸಳೆಯ ಬಾಯಿಯ ಮುಂದೆ ಕೂರಿಸಿ ನಗಿಸುವಂಥವು. ಅವನ್ನು ಸ್ಟ್ರಿಕ್ಲಂಡ್ ಬೇರೆ ಡಬ್ಬಿಯಲ್ಲಿ ಇಟ್ಟಿದ್ದ. ಯಾರಿಗೂ ತೋರಿಸುತ್ತಿರಲಿಲ್ಲ. ಎಸೆದೂ ಇರಲಿಲ್ಲ, ಅವುಗಳಿಗೆ ಬೆಲೆ ಜಾಸ್ತಿ.

ಸಭೆ ಶುರುವಾಯಿತು. ವಿಷಯ ಸರಳ. ಊರನ್ನು ಕಾರ್ಡಿನಲ್ಲಿ ಇರುವಂತೆ ಮಾಡಬೇಕು. ಕಟ್ಟೆಗೆ ಕಾರ್ಡಿನದೇ ಬಣ್ಣ ಬಳಿದಾಗಿತ್ತು. ನೀರಿಗೆ ನೀಲಿ ಬಣ್ಣ ಬೆರೆಸಲು ಪರಿಸರದವರು ಒಪ್ಪದ ಕಾರಣ ದೋಣಿಯ ಗಾಜಿಗೆ ನೀಲಿ ಹಾಳೆ ಅಂಟಿಸಿದ್ದರು. ಅದರಿಂದ ನೋಡಿದರೆ ಪಾಚಿಯೂ ನೀಲಿಯಾಗಿ ಕಾಣುತ್ತಿತ್ತು. ಉಳಿದದ್ದು ಆಚೆದಂಡೆ. ಹಬ್ಬದ ದಿನ ರಾಜಧಾನಿ ತಲಹಾಸ್ಸಿಯಿಂದ ಪ್ರವಾಸ ಇಲಾಖೆಯ ಅಧಿಕಾರಿ ಬರುತ್ತಾನೆ. ನೋಡಿ ಮೆಚ್ಚಿ ಪಲೋಮಾ ಬುಗ್ಗೆಗೆ ಪಾರಂಪರಿಕ ಪಟ್ಟ ಕೊಟ್ಟನೆಂದರೆ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಆಚೆದಂಡೆಯ ಜಾಗವನ್ನು ಸಾರ್ವಜನಿಕ ಕೆಲಸಕ್ಕೆಂದು ವಶಕ್ಕೆ ತೆಗೆದುಕೊಳ್ಳುತ್ತಾರೆ. ಮೀನಂಗಡಿ ಹೋಗಿ ತಾಳೆಮರಗಳು ಬರುತ್ತವೆ.

“ನಮ್ಮಮ್ಮನ ಅಂಗಡಿ ನಲವತ್ತೊಂಬತ್ತರಲ್ಲಿ ಅಲ್ಲೇ ಇತ್ತು,” ಎಂದಳು ಲೂವಿನಿಯಾ.

“ಕಾರ್ಡಲ್ಲಿ ಇಲ್ವಲ್ಲ, ಮಿಸ್ ಲೂವಿನಿಯಾ.”

“ಕಾರ್ಡು ಸುಳ್ಳು.”

ಸ್ಟ್ರಿಕ್ಲಂಡ್ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದ. “ನೋಡಿ, ನೆನಪು ಅನ್ನೋದು ವಯಸ್ಸಾದ ಹಾಗೆ ಏರುಪೇರಾಗತ್ತೆ. ನನ್ನದೂ ಅಷ್ಟೆ. ಆದ್ರೆ ಇದು ಅಚ್ಚಾಗಿದೆ. ಅಚ್ಚಾದ್ದಕ್ಕೆ ಏರುಪೇರಿಲ್ಲ.”

“ಹಾಗಾದ್ರೆ ಆ ಗುಡ್ಡ ಎಲ್ಲಿ? ಈ ಊರಲ್ಲಿ ಸೈಕಲ್ ಬಿಟ್ರೆ ತಾನಾಗಿ ಒಂದು ಮಾರು ಉರುಳಲ್ಲ. ಅಷ್ಟು ಮಟ್ಟಸ. ಗುಡ್ಡ ಎಲ್ಲಿಂದ ಬಂತು?”

ಇದಕ್ಕೆ ಉತ್ತರಿಸುವ ಹೊಣೆ ಮಹೇಂದ್ರ ಪಟೇಲನದಾಗಿತ್ತು. ಗುಜರಾತಿನಿಂದ ಬಂದು ಊರಿನ ಕೊನೆಯ ಮೋಟೆಲನ್ನು ಕೊಂಡವನು ಅವನು. ಸಮಿತಿಗೆ ಎಲ್ಲರಿಗಿಂತ ಹೆಚ್ಚು ವಂತಿಗೆ ಕೊಟ್ಟದ್ದಕ್ಕೆ ಅವನನ್ನು ಗುಡ್ಡದ ಉಪಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು.

“ಫಾಸ್ಫೇಟ್ ಗಣಿಯವರು ಅಗೆದು ತಗೊಂಡು ಹೋಗಿರಬೇಕು ಅಂತ ನಮ್ಮ ಅಭಿಪ್ರಾಯ,” ಎಂದ ಪಟೇಲ. “ಮಣ್ಣು ತರಿಸಿ ಮತ್ತೆ ಹಾಕೋಣ. ಸಣ್ಣದಾಗಿ. ಹಳೇದನ್ನೆಲ್ಲ ಕೆದಕ್ತಾ ಕೂತ್ರೆ ಆಗಲ್ಲ ಮಿಸ್ ಲೂವಿನಿಯಾ, ಮುಂದೆ ನೋಡಬೇಕು.”

“ಅರವತ್ತು ವರ್ಷ ಹಿಂದಿನ ಗುಡ್ಡ ಹಾಕೋದು ಮುಂದೆ ನೋಡೋದಾ?”

ಯಾರೋ ಕೆಮ್ಮಿದರು. ಆ ಗುಡ್ಡ ಹುಟ್ಟಿದ ಬಗೆ ಲೂವಿನಿಯಾಗೆ ಮಾತ್ರವಲ್ಲ, ಅವಳ ವಯಸ್ಸಿನ ಯಾರಿಗಾದರೂ ಗೊತ್ತಿತ್ತು. ಆಗೆಲ್ಲ ಫೋಟೋಗ್ರಾಫರ್ ಇಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ಉತ್ತರದ ಅಚ್ಚುಕೂಟಕ್ಕೆ ಕಳಿಸುತ್ತಿದ್ದ. ಅಲ್ಲಿ ಹಿಮ ಬೀಳುವ ಕಿಟಕಿಯ ಪಕ್ಕ ಕೋಟು ತೊಟ್ಟು ಕೂತ, ಫ್ಲಾರಿಡಾವನ್ನು ಕನಸಿನಲ್ಲೂ ಕಾಣದ ಬಣ್ಣಗಾರ ಅದಕ್ಕೆ ಬಣ್ಣ ತುಂಬುತ್ತಿದ್ದ. ವಿದ್ಯುತ್ ಕಂಬ, ಕಸದ ತೊಟ್ಟಿ, ಒಣಹಾಕಿದ ಬಟ್ಟೆ, ಬಡವರು, ಇವೆಲ್ಲ ಅವನ ಕುಂಚದಡಿ ಮಾಯವಾಗಿ, ಖಾಲಿಯಾದ ಜಾಗದಲ್ಲಿ ಮರಗಳು ಬೆಳೆಯುತ್ತಿದ್ದವು. ಇನ್ನೂ ಖಾಲಿ ಅನಿಸಿದರೆ ಗುಡ್ಡ. ಸ್ವರ್ಗದಲ್ಲಿ ಗುಡ್ಡ ಇರಲೇಬೇಕೆಂದು ಅವನಿಗೆ ಅನಿಸಿರಬೇಕು.

ಸಮಿತಿಯಲ್ಲಿ ಇದನ್ನು ಬಲ್ಲವಳು ಇನ್ನೊಬ್ಬಳಿದ್ದಳು. ಅರ್ಲೀನ್ ಪ್ರೂಯಿಟ್. ಕಾರ್ಡಿನಲ್ಲಿ ಕೈಬೀಸುವ ಹುಡುಗಿ ಅವಳೇ. ಈಗ ಎಂಬತ್ತರ ಹತ್ತಿರ. ಗೋಡೆಯ ಮೇಲಿನ ತನ್ನ ಕಾಲುಗಳ ಕೆಳಗೆ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಲೂವಿನಿಯಾ ಅವಳನ್ನೇ ನೋಡಿದಳು. ಅರ್ಲೀನ್ ತಲೆಯೆತ್ತಲಿಲ್ಲ.

“ನಿಮ್ಮನ್ನೇನು ನಾವು ಬಿಟ್ಟಿಲ್ಲ,” ಎಂದ ಸ್ಟ್ರಿಕ್ಲಂಡ್ ನಗುತ್ತ. “ಹಬ್ಬದ ದಿನ ಎಲ್ಲ ಆ ಕಾಲದ ವೇಷದಲ್ಲಿ ಇರ್ತಾರೆ. ನೀವೂ ತಲೆಗೆ ಒಂದು ಚೌಕ ಕಟ್ಕೊಂಡು, ಬುಟ್ಟೀಲಿ ಕಿತ್ತಳೆ ಇಟ್ಕೊಂಡು, ನಗ್ತಾ ಕಟ್ಟೆ ಮೇಲೆ ಓಡಾಡಿದ್ರೆ ಚೆನ್ನಾಗಿರತ್ತೆ. ಫೋಟೋಗೂ ಒಳ್ಳೇದು.”

ಲೂವಿನಿಯಾ ಎದ್ದು ಹೊರಟಳು.

ಕಾರುಗಳು ನಿಲ್ಲುವ ಜಾಗದಲ್ಲಿ ಅರ್ಲೀನ್ ಅವಳ ಹಿಂದೆಯೇ ಬಂದಳು.

“ಲೂವಿನಿಯಾ, ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಮ್ಮ.”

“ಮಿಸ್ ಅರ್ಲೀನ್, ಆ ಫೋಟೋದಲ್ಲಿ ನೀವು ಕೈಬೀಸಿದ್ದು ಯಾರಿಗೆ?”

ಅರ್ಲೀನ್ ಕಾರಿನ ಬಾಗಿಲು ಹಿಡಿದು ನಿಂತಳು. “ನಿಮ್ಮಮ್ಮನಿಗೆ,” ಎಂದಳು. “ಫೋಟೋಗ್ರಾಫರ್ ಹಿಂದೆ ಹಿಂದೆ ಹೋಗಿ ನೀರಿಗೆ ಬಿದ್ದ. ಆಚೆ ಕಡೆ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ನಿಮ್ಮಮ್ಮ ಕೈಲಿ ಬಾಣಲೆ ಹಿಡ್ಕೊಂಡೇ ಕುಣಿದಳು. ನಾನೂ ನಕ್ಕು ಕೈಬೀಸ್ದೆ. ಅವನು ಒದ್ದೆ ಪ್ಯಾಂಟಲ್ಲೇ ಬಂದು ಹಾಗೇ ನಿಲ್ಲು, ಅಲುಗಾಡಬೇಡ ಅಂದ.”

“ಅದನ್ನ ಒಳಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನನಗೇನು ಉಳಿಯತ್ತೆ, ಹೇಳು. ಗಂಡ ಹೋದ. ಮಂಡಿ ಹೋಯ್ತು. ಈ ಕಾರ್ಡಿಂದ ಜನ ಇನ್ನೂ ನನಗೆ ಬಾಗಿಲು ತೆಗೀತಾರೆ. ಆ ಮರ ಸುಳ್ಳು ಅಂದ್ರೆ ನನ್ನ ಸೊಂಟಾನೂ ಸುಳ್ಳು ಅಂತಾರೆ.” ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಸುಳ್ಳೇ ಅನ್ನು. ಅದನ್ನೂ ಆ ಬಣ್ಣದವನು ಸ್ವಲ್ಪ ಕೆತ್ತಿದ್ದಾನೆ.”

ಲೂವಿನಿಯಾಗೆ ನಗುವೂ ಬಂತು, ಎರಡು ಬಿಗಿಯಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಆಚೆದಂಡೆಗೆ ಹೋಗಲು ತನ್ನ ದೋಣಿ ಹತ್ತಿದಳು.

ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಅವಳು ಹೇಳಿದ್ದನ್ನು ಕೇಳಿ ಅವಳ ಅಣ್ಣ ಕ್ಲಿಯೋಫಸ್ ಚಾಕು ಕೆಳಗಿಟ್ಟ. ಹಿಂದೆ ಬಸ್ಸು ಓಡಿಸುತ್ತಿದ್ದವನು, ಈಗ ಚರ್ಚಿನ ಹಿರಿಯ. ಎದುರಿನ ಹಲಗೆಯ ಮೇಲೆ ತಾಳೆಮರದ ತಿರುಳನ್ನು ಹೆಚ್ಚುತ್ತಿದ್ದ. ಉಪ್ಪು ಹಾಕಿಟ್ಟ ಹಂದಿಮಾಂಸದ ತುಂಡು ಹಾಕಿ ಬೇಯಿಸಿದರೆ ಆಚೆದಂಡೆಯವರಿಗೆ ಅದಕ್ಕಿಂತ ರುಚಿಯ ಪಲ್ಯ ಬೇರೆ ಇಲ್ಲ.

“ಮರ ನೆಡ್ತಾರಂತಾ? ನೆಡಲಿ ಬಿಡು. ಒಂದೊಂದೇ ಕಡಿದು ತಿನ್ನೋಣ.”

“ತಮಾಷೆ ಸಾಕು ಕ್ಲಿಯೋ. ನಾನು ವೇಷ ಹಾಕ್ತೀನಿ ಅಂತ ಹೇಳಿ ಬಂದಿದೀನಿ.”

“ಏನು? ಬುಟ್ಟಿ ಹೊತ್ಕೊಂಡು ನಗ್ತೀಯಾ ಅಲ್ಲಿ?”

“ಬುಟ್ಟಿ ಅಲ್ಲ, ಮಂಡಿನೋವು ಅಂದೆ. ದೋಣಿ ಟಿಕೆಟ್ ಕಿಟಕೀಲಿ ಕೂರಿಸಿ ಅಂದೆ. ಒಪ್ಕೊಂಡ್ರು. ನಲವತ್ತೊಂಬತ್ತರಲ್ಲಿ ಹೇಗಿತ್ತೋ ಹಾಗೇ ನಡೀಬೇಕಾ ಅಂತ ಸಮಿತಿಯವರ ಮುಂದೆ ಕೇಳ್ದೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು ಅಂದ ಸ್ಟ್ರಿಕ್ಲಂಡ್.”

“ನಲವತ್ತೊಂಬತ್ತರಲ್ಲಿ ನಿನ್ನ ಆ ಕಿಟಕಿ ಒಳಗೆ ಕೂರಿಸ್ತಿದ್ರಾ?”

“ಗುಡ್ಡ ಇತ್ತು ಅನ್ನೋರಿಗೆ ಅದೇನು ಗೊತ್ತಾಗತ್ತೆ? ಕೇಳು. ಕಟ್ಟೆ ಮೇಲೆ ಒಂದು ಫಲಕ ಇತ್ತಲ್ಲ. ಅಂಥದ್ದೇ ಒಂದು ನೀನು ಬರೆದುಕೊಡಬೇಕು. ನಿನ್ನ ಕೈಬರಹ ಚೆನ್ನಾಗಿದೆ.”

ಕ್ಲಿಯೋಫಸ್‌ನ ಮುಖದಿಂದ ತಮಾಷೆ ಇಳಿಯಿತು. ‘ಬಿಳಿಯರಿಗೆ ಮಾತ್ರ’ ಎಂಬ ಆ ಫಲಕವನ್ನು ಅರವತ್ತನಾಲ್ಕರಲ್ಲಿ ಅಂಥ ಬೇರ್ಪಡಿಕೆಯನ್ನು ನಿಷೇಧಿಸುವ ಕಾನೂನು ಬಂದ ಮೇಲೂ ಯಾರೂ ತೆಗೆಯದಿದ್ದಾಗ, ಹಗಲುಹೊತ್ತಿನಲ್ಲಿ ದೋಣಿಯಲ್ಲಿ ಹೋಗಿ ಸುತ್ತಿಗೆಯಿಂದ ಕಿತ್ತು ನೀರಿಗೆ ಎಸೆದವನು ಅವನು. ಅದಕ್ಕೆ ಪೊಲೀಸರು ಅವನ ಎರಡು ಹಲ್ಲು ತೆಗೆದಿದ್ದರು.

“ಈ ಕೈಯಲ್ಲಿ ಕಿತ್ತೆ. ಈ ಕೈಯಲ್ಲಿ ಬರೆಯಲ್ಲ,” ಎಂದ.

“ಕ್ಲಿಯೋ…”

“ಬೇಡ ವೀನಿ. ಅಂಗಡಿ ಹೋದ್ರೆ ಹೋಗಲಿ. ಆ ಅಕ್ಷರ ನಮ್ಮ ಮನೆಯಿಂದ ಹೋಗಬಾರದು. ಮಕ್ಕಳು ನೋಡ್ತಾರೆ. ಯಾರೋ ಒಬ್ಬ ಅದನ್ನ ಇಷ್ಟಪಟ್ಟೂ ನೋಡ್ತಾನೆ.”

ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೆ ಗೋಡೆಯ ಮೇಲಿನ ದೋಣಿಯನ್ನು ಅವಳು ಹತ್ತಿರದಿಂದ ನೋಡಿ ಬಂದಿದ್ದಳು.

“ದೋಣಿ ನಡೆಸೋನ ಟೋಪಿ ನೋಡಿದೀಯಾ ಆ ಕಾರ್ಡಲ್ಲಿ?” ಎಂದು ಕೇಳಿದಳು. “ಎಡಗಡೆ ವಾಲಿದೆ. ಅಪ್ಪ ಹಾಗೇ ಹಾಕ್ತಿದ್ದ. ಆ ದೋಣಿ ಇಪ್ಪತ್ತು ವರ್ಷ ನಡೆಸಿದ, ಗಾಜಿನ ಕೆಳಗೆ ಏನಿದೆ ಅಂತ ನಮಗೆ ಒಂದಿನ ತೋರಿಸೋಕಾಗಲಿಲ್ಲ. ಅವನನ್ನ ಅವರು ಅಳಿಸಿಲ್ಲ ಕ್ಲಿಯೋ. ಮುಖಕ್ಕೆ ಗುಲಾಬಿ ಬಣ್ಣ ಹಚ್ಚಿದಾರೆ.”

ಕ್ಲಿಯೋಫಸ್ ಚಾಕು ಎತ್ತಿಕೊಂಡು ತಿರುಳು ಹೆಚ್ಚಿದ. ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚಿದ.

“ನಾನು ಬರೆಯಲ್ಲ,” ಎಂದ ಕೊನೆಗೆ. “ಆದ್ರೆ ಆ ದಿನ ನಿನ್ನ ಪಕ್ಕ ನಿಂತಿರ್ತೀನಿ. ಅದನ್ನ ಕೆಳಗಿಳಿಸೋನು ನಾನೇ. ಸಂಜೆಯೊಳಗೆ.”

ಫಲಕವನ್ನು ಲೂವಿನಿಯಾ ತಾನೇ ಬರೆದಳು. ಅಂಗಡಿಯ ಹಿಂದೆ, ಹೊಗೆಗೂಡಿನ ಪಕ್ಕ, ಬಿಳಿ ಹಲಗೆಯ ಮೇಲೆ ಕಪ್ಪು ಬಣ್ಣ. ಅಕ್ಷರಗಳು ವಕ್ರವಾದವು. ಅಳಿಸಿ ಮತ್ತೆ ಬರೆಯಲು ಅವಳಿಗೆ ಮನಸ್ಸಾಗಲಿಲ್ಲ.

ಹಬ್ಬದ ಬೆಳಿಗ್ಗೆ ಸೂರ್ಯ ಕಾರ್ಡಿನಲ್ಲಿ ಇದ್ದಂತೆಯೇ ಬಂದ. ಅವನೊಬ್ಬನೇ ಹೇಳಿಸಿಕೊಳ್ಳದೆ ಕೆಲಸ ಮಾಡಿದವನು. ಕಟ್ಟೆಯ ಮೇಲೆ ಹಳೆಯ ಕಾರುಗಳು, ಪಟ್ಟೆ ಕೊಡೆಗಳು, ಸೊಂಟ ಬಿಗಿದ ಗೌನುಗಳು. ಧ್ವನಿವರ್ಧಕದಲ್ಲಿ ಆ ಕಾಲದ ಹಾಡು. ಮಿಶಿಗನ್ನಿನಿಂದ, ಒಂಟಾರಿಯೊದಿಂದ ಬಂದ ಮುದುಕ ಮುದುಕಿಯರು ಇದೇ, ಇದೇ ನಮ್ಮ ಬಾಲ್ಯ ಎಂದು ಕಣ್ಣೊರೆಸಿಕೊಂಡರು. ಆಚೆದಂಡೆಯ ಅಂಗಡಿಯನ್ನು ಸದ್ಯಕ್ಕೆ ಮರೆಮಾಡಲು ಸಮಿತಿಯವರು ತಾಳೆಮರ ಬರೆದ ದೊಡ್ಡ ಬಟ್ಟೆಯೊಂದನ್ನು ನೀರಿನಂಚಿಗೆ ಕಟ್ಟಿದ್ದರು. ಗಾಳಿ ಬೀಸಿದಾಗಲೆಲ್ಲ ಕಾಡು ಹೊಟ್ಟೆಯುಬ್ಬಿಸುತ್ತಿತ್ತು, ಅದರ ಮೇಲಿಂದ ಹೊಗೆಗೂಡಿನ ಹೊಗೆ ಏರುತ್ತಿತ್ತು.

ಟಿಕೆಟ್ ಕಿಟಕಿಯಲ್ಲಿ ಲೂವಿನಿಯಾ ಕೂತಿದ್ದಳು. ತಲೆಗೆ ಚೌಕ, ಮೈಗೆ ಗಂಜಿ ಹಾಕಿದ ಬಿಳಿ ಅಂಗಿ. ಕಿಟಕಿಯ ಮೇಲೆ ಫಲಕ. ಕಟ್ಟೆಯ ಅಡ್ಡಕ್ಕೆ ಒಂದು ಹಗ್ಗ. ಹಗ್ಗದ ಪಕ್ಕದಲ್ಲಿ ಕ್ಲಿಯೋಫಸ್, ಹಲ್ಲಿಲ್ಲದ ಸಂದು ಕಾಣದಂತೆ ತುಟಿ ಬಿಗಿದು.

ಮೊದಲು ಬಂದವರು ಫಲಕ ನೋಡಿ ನಿಂತರು. ಒಬ್ಬಿಬ್ಬರು ಅದು ಯಾವುದೋ ಪ್ರದರ್ಶನವೆಂದುಕೊಂಡು ಫೋಟೋ ತೆಗೆದರು. ಕ್ಲಿಯೋಫಸ್ ಹೇಳಿದ್ದು ಸುಳ್ಳಾಗಲಿಲ್ಲ. ಟೋಪಿಯ ಮುದುಕನೊಬ್ಬ ಬಗ್ಗಿ, ದನಿ ತಗ್ಗಿಸಿ, “ಇದು ಅಸಲಿಯಾ? ಮಾರ್ತೀರಾ?” ಎಂದು ಕೇಳಿದ.

“ಮಂಗಳವಾರ ಬರೆದದ್ದು ಸ್ವಾಮಿ. ಮುಟ್ಟಬೇಡಿ, ಇನ್ನೂ ಅಂಟತ್ತೆ,” ಎಂದಳು ಲೂವಿನಿಯಾ.

ಸ್ಟ್ರಿಕ್ಲಂಡ್ ತಲಹಾಸ್ಸಿಯ ಅಧಿಕಾರಿಯನ್ನು ಕರೆದುಕೊಂಡು ಬಂದ. ಅಧಿಕಾರಿ ತೆಳ್ಳಗಿನ, ಬಿಸಿಲಿಗೆ ಕೆಂಪೇರಿದ ಬಿಳಿಯ. ಹಿಂದೆ ಪಟೇಲ, ಅವನ ಹೆಂಡತಿ, ಅರ್ಲೀನ್. ಕಾರ್ಡಿನ ಈಜುಡುಗೆಯ ಬಣ್ಣದ್ದೇ ಉಡುಪನ್ನು ಅರ್ಲೀನ್ ಮೈತುಂಬ ಹೊಲಿಸಿಕೊಂಡಿದ್ದಳು. ಮೊದಲ ದೋಣಿಯಲ್ಲಿ ಇವರೆಲ್ಲ ಹೋಗಬೇಕು, ಬಂದ ಮೇಲೆ ಪಟ್ಟ ಘೋಷಿಸಬೇಕು.

ಸ್ಟ್ರಿಕ್ಲಂಡ್ ಫಲಕ ನೋಡಿದ. ಅವನ ನಗು ಮುಖದ ಮೇಲೆಯೇ ಉಳಿಯಿತು, ಒಳಗಿನವನು ಎದ್ದುಹೋದ ಮನೆಯ ದೀಪದ ಹಾಗೆ.

“ಮೂರು ಟಿಕೆಟ್,” ಎಂದು ಲೂವಿನಿಯಾ ಹರಿದುಕೊಟ್ಟಳು. “ನಿಮ್ದು, ಸಾಹೇಬರದು, ಮಿಸ್ ಅರ್ಲೀನ್‌ದು. ಮಿಸ್ಟರ್ ಪಟೇಲ್, ಸ್ವಲ್ಪ ಅಲ್ಲೇ ಇರಿ.”

“ಯಾಕೆ?” ಎಂದ ಪಟೇಲ.

“ನಿಮ್ಮನ್ನ ಎಲ್ಲಿ ನಿಲ್ಲಿಸೋದು ಅಂತ ನನಗೆ ಗೊತ್ತಾಗ್ತಿಲ್ಲ. ನಲವತ್ತೊಂಬತ್ತರಲ್ಲಿ ನಿಮ್ಮಂಥೋರು ಈ ಕಡೆ ಬಂದಿರಲಿಲ್ಲ. ಮಿಸ್ಟರ್ ಸ್ಟ್ರಿಕ್ಲಂಡ್ ಇತಿಹಾಸ ತಿಳಿದೋರು. ಅವರನ್ನೇ ಕೇಳಿ. ಹಗ್ಗದ ಆ ಕಡೆನೋ, ಈ ಕಡೆನೋ?”

ಪಟೇಲ ನಕ್ಕ. ತಮಾಷೆಯೆಂದುಕೊಂಡ. ಯಾರೂ ನಗದಿದ್ದಾಗ ತನ್ನ ಕೈಯನ್ನು ನೋಡಿಕೊಂಡ, ಆಮೇಲೆ ಫಲಕವನ್ನು. “ಡ್ವೇನ್,” ಎಂದ, “ನಾನು ಗುಡ್ಡದ ಅಧ್ಯಕ್ಷ.”

“ಮಹೇಂದ್ರ, ಒಂದು ನಿಮಿಷ…”

“ಒಂದು ನಿಮಿಷ ಯಾಕೆ ಬೇಕು ಇದಕ್ಕೆ?” ಎಂದಳು ಪಟೇಲನ ಹೆಂಡತಿ, ಅಲ್ಲಿಯತನಕ ಯಾವ ಸಭೆಯಲ್ಲೂ ಬಾಯಿ ತೆರೆಯದವಳು.

ಸ್ಟ್ರಿಕ್ಲಂಡ್ ಕಿಟಕಿಗೆ ಬಾಗಿದ. “ಮಿಸ್ ಲೂವಿನಿಯಾ, ದಯವಿಟ್ಟು ಅದನ್ನ ತೆಗೀರಿ. ಇದು ನಮ್ಮೂರಿನ ಸಂಸ್ಕೃತಿ ಅಲ್ಲ.”

“ಇರಲಿಲ್ವಾ ಇದು?”

“ಕಾರ್ಡಲ್ಲಿ ಇಲ್ವಲ್ಲ.”

“ಅದನ್ನೇ ನಾನೂ ಕೇಳ್ತಿರೋದು,” ಎಂದಳು ಲೂವಿನಿಯಾ. ದನಿ ಏರಿಸಲಿಲ್ಲ. ಸಾಲಿನಲ್ಲಿದ್ದವರು ಕೇಳಲು ಮುಂದಕ್ಕೆ ಬಾಗಿದರು. “ಸಾಹೇಬರ ಮುಂದೆ ನೀವೇ ಹೇಳಿಬಿಡಿ. ಕಾರ್ಡು ನಿಜ ಅಂದ್ರೆ ಈ ಫಲಕ ಇರಲಿಲ್ಲ. ನಮ್ಮ ಅಪ್ಪ ಆ ದೋಣೀಲಿ ನಮ್ಮನ್ನೆಲ್ಲ ಕೂರಿಸ್ಕೊಂಡು ಸುತ್ತಿಸ್ತಿದ್ದ. ಕ್ಲಿಯೋ ಹಲ್ಲು ತಾನಾಗೇ ಉದುರ್ತು. ಫಲಕ ಇತ್ತು ಅಂದ್ರೆ ಕಾರ್ಡು ಸುಳ್ಳು. ಆಗ ನಮ್ಮಮ್ಮನ ಅಂಗಡೀನೂ ಇತ್ತು, ಅದನ್ನ ಕೆಡವೋಕೆ ನಿಮಗೆ ಕಾರಣ ಇಲ್ಲ. ಯಾವುದಾದ್ರೂ ಒಂದು ಹೇಳಿ. ನಾನು ಒಪ್ಕೋತೀನಿ.”

ಧ್ವನಿವರ್ಧಕದಲ್ಲಿ ಯಾರೋ ಚಂದ್ರನ ಬಗ್ಗೆ ಹಾಡುತ್ತಿದ್ದರು. ಸ್ಟ್ರಿಕ್ಲಂಡ್ ಅಧಿಕಾರಿಯ ಮುಖ ನೋಡಿದ. ಇತ್ತು ಅಂದರೆ ಗೋಡೆಯಷ್ಟು ದೊಡ್ಡ ಚಿತ್ರ ಕೆಳಗೆ ಬೀಳುತ್ತದೆ. ಇರಲಿಲ್ಲ ಅಂದರೆ, ಎದುರಿಗೆ ನಿಂತ ಕ್ಲಿಯೋಫಸ್ ಈಗ ನಿಧಾನವಾಗಿ ತುಟಿ ತೆರೆಯುತ್ತಿದ್ದ.

“ನನಗೆ ತಿಳಿದ ಮಟ್ಟಿಗೆ… ಖಚಿತ ಆಧಾರ…” ಎಂದ ಸ್ಟ್ರಿಕ್ಲಂಡ್.

“ಇತ್ತು,” ಎಂದಳು ಅರ್ಲೀನ್.

ಎಲ್ಲರೂ ತಿರುಗಿದರು. ಅವಳು ತನ್ನ ಬೀಸಣಿಗೆಯನ್ನು ಮಡಚಿ ಚೀಲಕ್ಕೆ ಹಾಕಿದಳು, ಇನ್ನು ಅದರ ಕೆಲಸವಿಲ್ಲ ಎಂಬಂತೆ.

“ನನ್ನ ಪಕ್ಕದಲ್ಲೇ ಇತ್ತು. ಒಂದು ಕೈ ಬೀಸ್ದೆ, ಇನ್ನೊಂದು ಕೈಯನ್ನ ಅದರ ಮೇಲೇ ಊರಿದ್ದೆ. ಬಿಸಿಲಿಗೆ ಕಾದು ಅಂಗೈ ಸುಡ್ತಿತ್ತು. ಕಾರ್ಡು ಬಂದಾಗ ನೋಡಿದ್ರೆ ದಾಸವಾಳದ ಪೊದೆ. ಚೆನ್ನಾಗಿ ಕಾಣತ್ತೆ ಅಂದ್ಕೊಂಡೆ. ಇಷ್ಟು ವರ್ಷ ಹಾಗೇ ಅಂದ್ಕೊಂಡೇ ಇದ್ದೆ.” ಅವಳು ಲೂವಿನಿಯಾಳ ಕಡೆ ನೋಡಲಿಲ್ಲ, ಅಧಿಕಾರಿಗೆ ಹೇಳಿದಳು. “ಅಂಗಡೀನೂ ಇತ್ತು. ವಾಸನೆಗೆ ಹಸಿವಾಗ್ತಿತ್ತು. ಹೋಗಿ ತಿನ್ನೋಕೆ ನಮಗೂ ಆಗ್ತಿರಲಿಲ್ಲ.”

“ಆಗ್ತಿತ್ತು ಮಿಸ್ ಅರ್ಲೀನ್,” ಎಂದ ಕ್ಲಿಯೋಫಸ್. “ನಿಮಗೆ ಯಾರೂ ಹಲ್ಲು ಮುರೀತಿರಲಿಲ್ಲ.”

ಅರ್ಲೀನ್ ಚೀಲದ ಬಾಯಿ ಎಳೆದು ಮುಚ್ಚಿದಳು.

ಅಧಿಕಾರಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಸರ್ಕಾರಿ ನೌಕರನಿಗೆ ಅಪಾಯದ ವಾಸನೆ ಮೀನಿನ ವಾಸನೆಗಿಂತ ಬೇಗ ಸಿಗುತ್ತದೆ. ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಾಗಿದೆ, ಪಟ್ಟದ ಮಾತು ಸದ್ಯಕ್ಕೆ ಬೇಡ ಎಂದು ಹೇಳಿ, ದೋಣಿಯನ್ನೂ ಹತ್ತದೆ ಕಾರಿನತ್ತ ನಡೆದ. ಸ್ಟ್ರಿಕ್ಲಂಡ್ ಅವನ ಹಿಂದೆ ಓಡಿದ. ಪಟೇಲ ಹಗ್ಗದ ಹತ್ತಿರವೇ ನಿಂತಿದ್ದ. ಹೆಂಡತಿ ಹಗ್ಗ ಎತ್ತಿ ಆಚೆ ಹೋದಳು, ಮತ್ತೆ ಈಚೆ ಬಂದಳು, “ನಡೀರಿ ಮನೆಗೆ,” ಎಂದಳು.

ಕ್ಲಿಯೋಫಸ್ ಸುತ್ತಿಗೆ ತಂದಿದ್ದ. ಮೊಳೆ ಹೊಸದು, ಬಿಗಿಯಾಗಿತ್ತು. ಎರಡು ಸಲ ಹೊಡೆಯಬೇಕಾಯಿತು. ಹಲಗೆಯನ್ನು ಕಾಲಿನಿಂದ ಮುರಿದು ತುಂಡುಗಳನ್ನು ಎತ್ತಿಕೊಂಡ. “ಹೊಗೆಗೂಡಿಗೆ ಹಾಕೋಣ್ವಾ?” ಎಂದ.

“ಬಣ್ಣದ ಮರ ನನ್ನ ಮೀನಿನ ಹತ್ರ ತರಬೇಡ,” ಎಂದಳು ಲೂವಿನಿಯಾ. ಟಿಕೆಟ್ ಕಿಟಕಿಯ ಬಾಗಿಲನ್ನು ಎಳೆದು ಮುಚ್ಚಲು ಎರಡು ಸಲ ಯತ್ನಿಸಬೇಕಾಯಿತು.

ಮುಂದಿನ ತಿಂಗಳು ಸಮಿತಿ ಮತ್ತೆ ಸೇರಿತು. ನಲವತ್ತೊಂಬತ್ತನ್ನು ಕೈಬಿಟ್ಟು ಬೇರೆ ವರ್ಷ ಆರಿಸೋಣ ಎಂದು ಮಾತಾಯಿತು.

ಐವತ್ತೈದು ಎಂದರು, ಆಗಲೂ ಫಲಕವಿತ್ತು. ಅರವತ್ತಮೂರು ಎಂದರು, ಆಗಲೂ ಇತ್ತು. ಅರವತ್ತನಾಲ್ಕು ಬೇಡ, ಹಲ್ಲಿನ ವರ್ಷ. ಎಪ್ಪತ್ತರಲ್ಲಿ ಬುಗ್ಗೆಯ ಈಜುಕೊಳವನ್ನು ಎಲ್ಲರಿಗೂ ತೆರೆಯಬೇಕಾದೀತೆಂದು ಊರವರೇ ಅದಕ್ಕೆ ಸಿಮೆಂಟು ತುಂಬಿದ್ದರು. ಎಂಬತ್ತರ ಹೊತ್ತಿಗೆ ನೆನಪಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ತಪ್ಪಿಲ್ಲದ ವರ್ಷ ಸಿಗದೆ ಸಭೆ ಮುಂದಕ್ಕೆ ಹೋಯಿತು. ಪಟ್ಟವಿಲ್ಲದ ಮೇಲೆ ಕೌಂಟಿಯವರು ಆಚೆದಂಡೆಯ ಜಾಗದ ಗೊಡವೆ ಬಿಟ್ಟರು. ಆಗಲೇ ತರಿಸಿದ್ದ ತಾಳೆಮರಗಳು ಲಾರಿಯಲ್ಲಿ ಒಣಗುತ್ತಿದ್ದವು. ಅವನ್ನು ಎಲ್ಲಾದರೂ ನೆಡಲೇಬೇಕಾದ್ದರಿಂದ ಸ್ವಾಗತ ಕೇಂದ್ರದ ಮುಂದೆಯೇ ನೆಟ್ಟರು. ಈಗ ಹೆದ್ದಾರಿಯಿಂದ ಬರುವವರಿಗೆ ಸ್ವಾಗತ ಕೇಂದ್ರ ಕಾಣುವುದಿಲ್ಲ. ಮೀನಂಗಡಿ ಕಾಣುತ್ತದೆ.

ಒಂದು ಶನಿವಾರ ಮಧ್ಯಾಹ್ನ ಅಂಗಡಿ ತುಂಬಿತ್ತು. ಹಬ್ಬದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಆ ಜನರ ನಡುವೆ ಮಹೇಂದ್ರ ಪಟೇಲ ಹೆಂಡತಿಯೊಂದಿಗೆ ಸಾಲಿನಲ್ಲಿ ನಿಂತಿದ್ದ. ಅವನ ಸರದಿ ಬಂದಾಗ ದನಿ ತಗ್ಗಿಸಿ ಕೇಳಿದ.

“ಮಿಸ್ ಲೂವಿನಿಯಾ, ಮೀನಿಲ್ಲದ್ದು ಏನಿದೆ?”

“ತಟ್ಟೆ ಇದೆ.”

ಅವನ ಹೆಂಡತಿ ಜೋರಾಗಿ ನಕ್ಕಳು. ಲೂವಿನಿಯಾ ಮೆಕ್ಕೆಜೋಳದ ಹಿಟ್ಟಿನಲ್ಲಿ ಕರಿದ ಹಶ್‌ಪಪಿ ಉಂಡೆಗಳನ್ನು ಬೇರೆ ಬಾಣಲೆಯಿಂದ ತೆಗೆದು ಕಾಗದದ ಮೇಲೆ ರಾಶಿ ಹಾಕಿ, ಹಸಿ ಈರುಳ್ಳಿ ಇಟ್ಟು ಕೊಟ್ಟಳು.

ಆಗ ಸ್ಟ್ರಿಕ್ಲಂಡ್ ಬಂದ. ಸಾಲನ್ನು ದಾಟಿ ನೇರ ಗಲ್ಲೆಯ ಹತ್ತಿರ ಬಂದು, ಕಂಕುಳಿನಿಂದ ಒಂದು ನಕ್ಷೆ ತೆಗೆದು ಹರಡಿದ. ಮುಖ ಮದುವೆಗೆ ಕರೆಯಲು ಬಂದವನ ಹಾಗಿತ್ತು.

“ಮಿಸ್ ಲೂವಿನಿಯಾ, ಒಳ್ಳೇ ಸುದ್ದಿ. ಹೊಸ ಕಾರ್ಡು ಮಾಡ್ತಿದೀವಿ. ಈ ಸಲ ನಿಮ್ಮ ಅಂಗಡೀನೇ ನಡುಮಧ್ಯ. ನಿಮ್ಮ ಕಥೆ ಕೇಳಿ ಜನ ಕಣ್ಣೀರು ಹಾಕ್ತಿದಾರೆ. ಆದ್ರೆ ಒಂದು ಸಣ್ಣ ವಿಷಯ. ಈ ತಗಡಿನ ಮಾಡು ತೀರಾ ಹೊಸದಾಗಿ ಕಾಣತ್ತೆ. ಸ್ವಲ್ಪ ತುಕ್ಕು ಹಿಡಿಸಿದ್ರೆ, ಗೋಡೆ ಬಣ್ಣ ಅಲ್ಲಲ್ಲಿ ಕೆರೆದ್ರೆ, ಕಷ್ಟ ಪಟ್ಟಿದ್ದು ಕಾಣತ್ತೆ. ನೀವು ಬಾಗಿಲಲ್ಲಿ ನಿಂತು ಕೈಬೀಸಿ. ಹಿಂದೆ ಒಂದೆರಡು ತಾಳೆಮರ ನಾವು ಆಮೇಲೆ ಸೇರಿಸ್ಕೋತೀವಿ.”

ಬಾಣಲೆಯಲ್ಲಿ ಮಲೆಟ್ ಸೊಯ್ಯೆನ್ನುತ್ತಿತ್ತು. ಲೂವಿನಿಯಾ ಒಂದನ್ನು ಮಗುಚಿದಳು, ಇನ್ನೊಂದನ್ನು ತೆಗೆದಳು, ಎಣ್ಣೆ ಬಸಿಯಲು ಬಿಟ್ಟಳು.

“ಮಿಸ್ಟರ್ ಸ್ಟ್ರಿಕ್ಲಂಡ್,” ಎಂದಳು, “ನಿಮಗೆ ಮೀನು ಬೇಕಾ, ಬೇಡ್ವಾ?”

“ಬೇಕು, ಖಂಡಿತ ಬೇಕು. ಮೊದಲು ಈ ನಕ್ಷೆ…”

“ಹಾಗಾದ್ರೆ ಸಾಲಲ್ಲಿ ಬನ್ನಿ. ಬಾಗಿಲ ಹತ್ರ ಹೋಗಿ, ಆ ಕೆಂಪು ಟೋಪಿ ಹುಡುಗಿ ಹಿಂದೆ ನಿಂತ್ಕೊಳ್ಳಿ. ಇಲ್ಲಿ ಎಲ್ಲರೂ ಮುಂಬಾಗಿಲಿಂದಾನೇ ಬರೋದು, ಎಲ್ಲರೂ ಕಾಯೋದು.”

ಸ್ಟ್ರಿಕ್ಲಂಡ್ ನಕ್ಷೆ ಮಡಚಿಕೊಂಡು ಹೋಗಿ ನಿಂತ. ಬಿಸಿಲು ತಗಡಿನಿಂದ ಇಳಿದು ಅವನ ಹೆಗಲ ಮೇಲೆ ಬಿತ್ತು. ಸಾಲು ನಿಧಾನವಾಗಿ ಸರಿಯಿತು. ಅವನ ಸರದಿ ಬರುವ ಹೊತ್ತಿಗೆ ಮೀನು ಮುಗಿದಿತ್ತು.

“ನಾಳೆ ಬನ್ನಿ,” ಎಂದಳು ಲೂವಿನಿಯಾ, ಬಾಣಲೆ ಇಳಿಸುತ್ತ. “ಅಂಗಡಿ ಇಲ್ಲೇ ಇರತ್ತೆ.”